ಕೂಗಳತೆಯ ಲೆಕ್ಕ

ದೂರ ಹೇಳುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಒಂದು ಸೊಗಸಾದ ಮಾತಿದೆ. ‘ತೋಟ ಏನು ದೂರವಿಲ್ಲ, ಒಂದು ಕೂಗಳತೆ’ ಅನ್ನುತ್ತಾರೆ. ಇಲ್ಲಿ ನಿಂತು ಕೂಗಿದರೆ ಅಲ್ಲಿ ಕೇಳಿಸುವಷ್ಟು ದೂರ. ಆದರೆ ಕೂಗುವವರು ಯಾರು? ಅಜ್ಜಿಯ ಕೂಗೋ, ಕಬಡ್ಡಿ ಆಡಿ ಗಂಟಲು ಪಳಗಿಸಿದ ಅಣ್ಣನ ಕೂಗೋ? ಗಾಳಿ ಎತ್ತ ಬೀಸುತ್ತಿದೆ? ಕೇಳುವವರ ಕಿವಿ ಹೇಗಿದೆ? ಈ ಪ್ರಶ್ನೆಗಳನ್ನೆಲ್ಲ ಕೇಳುತ್ತ ಹೋದರೆ ತೋಟಕ್ಕೆ ತಲುಪುವ ಹೊತ್ತಿಗೆ ಸಂಜೆಯಾಗುತ್ತದೆ. ಆದರೆ ನನ್ನ ಕೆಲಸದಲ್ಲಿ ಇವನ್ನು ಕೇಳದೆ ವಿಧಿಯಿಲ್ಲ.

ನನ್ನದು ನಾಟಕಗಳಿಗೆ ಧ್ವನಿಯ ವ್ಯವಸ್ಥೆ ಮಾಡುವ ಕೆಲಸ. ಕಳೆದ ಬೇಸಿಗೆ ಶಿಬಿರದಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ನನ್ನ ಪಕ್ಕ ಬಂದು ನಿಂತು, ‘ಅಂಕಲ್, ಆ ಅಕ್ಕ ತಲೆಗೆ ಹೆಡ್‌ಸೆಟ್ ಹಾಕ್ಕೊಂಡು ಯಾರ ಹತ್ರ ಮಾತಾಡ್ತಾ ಇದಾರೆ? ನಾಟಕದ ಮಧ್ಯೆ ಫೋನ್ ಮಾಡಬಾರದು ಅಂತ ನಮಗೆ ಬೈತಾರಲ್ಲ?’ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಆಗ ಪಿಸುಗುಟ್ಟಿ ಹೇಳಿ ಮುಗಿಸಿದ್ದನ್ನು ಈ ವಾರ ಸಾವಕಾಶವಾಗಿ ಹೇಳುತ್ತೇನೆ.

ಆ ಅಕ್ಕ ರಂಗ ನಿರ್ವಾಹಕಿ. ಅವರು ವೇದಿಕೆಯ ಪಕ್ಕದ ಕತ್ತಲಲ್ಲಿ ನಿಂತಿರುತ್ತಾರೆ. ದೀಪ ನೋಡಿಕೊಳ್ಳುವವರು ಸಭಾಂಗಣದ ಹಿಂಬದಿಯ ಕೋಣೆಯಲ್ಲಿ, ಸಂಗೀತ ಹಾಕುವ ನಾನು ಇನ್ನೊಂದು ಮೂಲೆಯಲ್ಲಿ, ಮೇಲಿನಿಂದ ಪರದೆ, ಮೋಡ, ಮರ ಇಳಿಸುವವರು ಎದುರು ಪಕ್ಕದ ಹಗ್ಗಗಳ ಬಳಿ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೂಗುವಂತೆಯೂ ಇಲ್ಲ. ಎಲ್ಲರೂ ಒಂದೇ ಕ್ಷಣಕ್ಕೆ ಕೈ ಆಡಿಸಬೇಕು. ಅದಕ್ಕೇ ತಂತಿಯ ಇಂಟರ್‌ಕಾಂ.

ಹಿಂದೆ ಇದಿಲ್ಲದೆಯೇ ನಾಟಕ ನಡೆಯುತ್ತಿರಲಿಲ್ಲವೇ? ನಡೆಯುತ್ತಿತ್ತು. ಗುಬ್ಬಿ ಕಂಪನಿಯವರು ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು, ಅದೂ ಯಾರ ಕಿವಿಗೂ ಹೆಡ್‌ಸೆಟ್ ಇಲ್ಲದೆ. ಮೂರನೇ ಬೆಲ್ ಆದರೆ ಪರದೆ ಏಳುತ್ತದೆ ಎಂಬುದು ಪ್ರೇಕ್ಷಕರಿಗೂ ಪರದೆ ಎಳೆಯುವವರಿಗೂ ಒಂದೇ ಸೂಚನೆಯಾಗಿತ್ತು. ಯಕ್ಷಗಾನಕ್ಕಂತೂ ಇಂದಿಗೂ ಇಂಟರ್‌ಕಾಂ ಬೇಡ. ಭಾಗವತರು ಎಲ್ಲರ ಕಣ್ಣೆದುರೇ ಕುಳಿತಿರುತ್ತಾರೆ. ಅವರ ತಾಳವೇ ಆಜ್ಞೆ. ನನ್ನನ್ನು ಕೇಳಿದರೆ, ಜಗತ್ತಿನ ಅತ್ಯುತ್ತಮ ಇಂಟರ್‌ಕಾಂ ಅದೇ.

ಈಗ ಬಳಕೆಯಲ್ಲಿರುವ ಬಗೆಯ ಇಂಟರ್‌ಕಾಂ ಹೆಸರಾದದ್ದು ರಾಕ್ ಸಂಗೀತದ ಗದ್ದಲದಿಂದ. 1960ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ದೊಡ್ಡ ದೊಡ್ಡ ಸ್ಪೀಕರ್‌ಗಳ ಮುಂದೆ ಕೆಲಸ ಮಾಡುವವರಿಗೆ ಟೆಲಿಫೋನ್ ಮಾದರಿಯ ಹೆಡ್‌ಸೆಟ್‌ನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಅಲ್ಲಿನ ಬಾಬ್ ಕೋಹೆನ್ ಮತ್ತು ಚಾರ್ಲಿ ಬಟನ್ ಎಂಬುವರು ಪ್ರತಿಯೊಬ್ಬರ ಸೊಂಟಕ್ಕೂ ಅವರದೇ ಆದ ಪುಟ್ಟ ಆಂಪ್ಲಿಫೈಯರ್ ಕಟ್ಟಿಬಿಟ್ಟರು. 1968ರಲ್ಲಿ ಅವರು ಕ್ಲಿಯರ್‌ಕಾಮ್ ಎಂಬ ಕಂಪನಿ ಆರಂಭಿಸಿದರು. ಸೊಂಟಕ್ಕೆ ಸಿಕ್ಕಿಸುವ ಆ ಡಬ್ಬಿಗೆ ಬೆಲ್ಟ್‌ಪ್ಯಾಕ್ ಎಂದು ಹೆಸರು. ಅದರಲ್ಲಿ ಮಾತಾಡಲು ಒಂದು ಗುಂಡಿ, ಧ್ವನಿ ಏರಿಳಿಸಲು ಒಂದು ತಿರುಗಣೆ, ಕರೆಯಲು ಒಂದು ದೀಪ. ಇಷ್ಟೇ.

ತಂತಿಯ ಒಳಗೆ ಏನು ನಡೆಯುತ್ತದೆ? ಊರಿನ ಒಂದೇ ಬಾವಿಯನ್ನು ನೆನೆಸಿಕೊಳ್ಳಿ. ಎಲ್ಲರೂ ಅದಕ್ಕೇ ಕೊಡ ಇಳಿಸುತ್ತಾರೆ. ಇಲ್ಲಿಯೂ ಎಲ್ಲ ಬೆಲ್ಟ್‌ಪ್ಯಾಕ್‌ಗಳೂ ಒಂದೇ ತಂತಿಗೆ ಜೋಡಿಸಿರುತ್ತವೆ. ಒಬ್ಬರು ಹಾಕಿದ ಮಾತನ್ನು ಉಳಿದವರೆಲ್ಲ ಸೇದಿಕೊಳ್ಳುತ್ತಾರೆ. ಕೇಬಲ್ಲಿನ ತುದಿಯಲ್ಲಿ ಮೂರು ಕಡ್ಡಿಗಳಿವೆ. ಒಂದನೆಯದು ನೆಲ, ಅಂದರೆ ಅರ್ತ್. ಎರಡನೆಯದರಲ್ಲಿ ಮುಖ್ಯ ಸ್ಟೇಷನ್ನಿನಿಂದ 30 ವೋಲ್ಟ್ ವಿದ್ಯುತ್ ಬರುತ್ತದೆ. ಹೀಗಾಗಿ ಪ್ಯಾಕಿಗೆ ಬ್ಯಾಟರಿ ಬೇಡ. ಮೂರನೆಯದರಲ್ಲಿ ಮಾತು. ನೋಡಲು ಇದು ಮೈಕಿನ ಕೇಬಲ್ಲಿನಂತೆಯೇ ಇರುವುದರಿಂದ ಮೈಕಿಗೆ ಹೋಗಬೇಕಾದ್ದು ಇಲ್ಲಿಗೆ, ಇಲ್ಲಿಯದು ಮೈಕಿಗೆ ಬಂದು ಸೇರುವ ಅಪಾಯವಿದೆ. ನಾನು ಇಂಟರ್‌ಕಾಂ ಕೇಬಲ್ಲಿನ ಎರಡೂ ತುದಿಗೆ ಹಳದಿ ಟೇಪು ಸುತ್ತಿಯೇ ಪೆಟ್ಟಿಗೆಗೆ ಹಾಕುವುದು.

ಪರೀಕ್ಷೆ ಮಾಡುವಾಗ ಮೊದಲು ನೋಡಬೇಕಾದ್ದು ಮಾತನ್ನಲ್ಲ, ವಿದ್ಯುತ್ತನ್ನು. ಮೀಟರನ್ನು ಸ್ಟೇಷನ್ ಹತ್ತಿರ ಇಟ್ಟು ‘30 ಇದೆ’ ಎಂದು ನೆಮ್ಮದಿಯಾಗುವವರು ಇದ್ದಾರೆ. ಅದು ಟ್ಯಾಂಕಿನ ಬುಡದಲ್ಲಿ ನಿಂತು ನೀರು ಚೆನ್ನಾಗಿ ಬರುತ್ತಿದೆ ಅಂದ ಹಾಗೆ. ಅತಿ ದೂರದ ಪ್ಯಾಕಿನ ಬಳಿ, ಎಲ್ಲ ಪ್ಯಾಕ್‌ಗಳೂ ಚಾಲೂ ಇದ್ದಾಗ ಎಷ್ಟು ಬರುತ್ತಿದೆ ಎಂಬುದೇ ಮುಖ್ಯ.

ಆಮೇಲಿನದು ಸ್ವಲ್ಪ ಸೂಕ್ಷ್ಮ. ಹೈಸ್ಕೂಲಿನ ಮಕ್ಕಳು ಓಮನ ನಿಯಮ ಓದಿರುತ್ತೀರಲ್ಲ, ಇಲ್ಲಿ ಅದು ಕಿವಿಗೇ ಕೇಳಿಸುತ್ತದೆ. ನೀವು ಮಾತಾಡಿದಾಗ ಪ್ಯಾಕು ಆ ಮಾತನ್ನು ಸಣ್ಣ ವಿದ್ಯುತ್ ಪ್ರವಾಹವಾಗಿ ತಂತಿಗೆ ತಳ್ಳುತ್ತದೆ. ತಂತಿಗೆ ಎಲ್ಲಾದರೂ ಒಂದು ಕಡೆ 200 ಓಮ್‌ನ ರೋಧಕ ಕಟ್ಟಿರುತ್ತಾರೆ. ಸಾಮಾನ್ಯವಾಗಿ ಮುಖ್ಯ ಸ್ಟೇಷನ್ನಿನ ಒಳಗೇ, ಒಂದು ಸ್ವಿಚ್ಚಿನ ಹಿಂದೆ. ಪ್ರವಾಹ ಆ ರೋಧಕದ ಮೂಲಕ ಹರಿದಾಗ ಹುಟ್ಟುವ ವೋಲ್ಟೇಜೇ ಎಲ್ಲರಿಗೂ ಕೇಳಿಸುವ ಮಾತು. ಇಂಥ ರೋಧಕ ತಂತಿಗೆ ಒಂದೇ ಒಂದು ಇರಬೇಕು. ಎರಡು ಸೇರಿಕೊಂಡರೆ 200 ಓಮ್ ಹೋಗಿ 100 ಆಗುತ್ತದೆ, ಮಾತಿನ ವೋಲ್ಟೇಜು ಅರ್ಧಕ್ಕೆ ಇಳಿಯುತ್ತದೆ. ಒಂದೂ ಇಲ್ಲದಿದ್ದರೆ? ಮಾತು ಕಟ್ಟು ಕಿತ್ತ ಹೋರಿಯಂತಾಗಿ, ಇಡೀ ಸಾಲು ‘ಕುಂಯ್’ ಎಂದು ಅರಚತೊಡಗುತ್ತದೆ.

ಅರ್ಧವಾಯಿತು, ಎರಡರಷ್ಟಾಯಿತು ಎನ್ನುವ ಬದಲು ನಾವು ಡೆಸಿಬೆಲ್ ಎನ್ನುತ್ತೇವೆ. ಇದರ ಹಿಂದೆಯೂ ಕೂಗಳತೆಯ ಕಥೆಯಿದೆ. ನೂರು ವರ್ಷದ ಹಿಂದೆ ಅಮೆರಿಕದ ಟೆಲಿಫೋನ್ ಎಂಜಿನಿಯರುಗಳು ಮಾತು ಎಷ್ಟು ಕುಗ್ಗಿತು ಎಂಬುದನ್ನು ಮೈಲಿಗಳಲ್ಲಿ ಹೇಳುತ್ತಿದ್ದರು. ಒಂದು ಗೊತ್ತಾದ ಬಗೆಯ ಕೇಬಲ್ಲಿನಲ್ಲಿ ಒಂದು ಮೈಲಿ ಹೋದರೆ ಮಾತು ಎಷ್ಟು ಕ್ಷೀಣಿಸುತ್ತದೋ ಅದೇ ಒಂದು ಅಳತೆ. ನಮ್ಮ ಹಿರಿಯರು ದೂರವನ್ನು ಧ್ವನಿಯಿಂದ ಅಳೆದರೆ, ಅವರು ಧ್ವನಿಯನ್ನು ದೂರದಿಂದ ಅಳೆದರು. 1920ರ ದಶಕದಲ್ಲಿ ಆ ಮೈಲಿಯನ್ನು ಬಿಟ್ಟು ಹೊಸ ಅಳತೆ ತಂದು, ಅದಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರು ಸೇರಿಸಿ ಡೆಸಿಬೆಲ್ ಎಂದರು. ವೋಲ್ಟೇಜು ಅರ್ಧವಾದರೆ 6 ಡೆಸಿಬೆಲ್ ಕಡಿಮೆ. ಡೆಸಿಬೆಲ್ ಎಂದರೆ ಯಾವಾಗಲೂ ‘ಯಾವುದಕ್ಕಿಂತ?’ ಎಂದು ಕೇಳಬೇಕು. ಅದು ಹೋಲಿಕೆಯ ಲೆಕ್ಕ. ಟೆಲಿಫೋನಿನವರು ಹೋಲಿಕೆಗೆ ಇಟ್ಟುಕೊಂಡದ್ದು 600 ಓಮ್‌ನಲ್ಲಿ ಒಂದು ಮಿಲಿವ್ಯಾಟ್, ಅಂದರೆ 0.775 ವೋಲ್ಟ್. ಅದೇ ಅವರ ಸೊನ್ನೆ.

ನಾನು ಪ್ರತಿ ಸಲ ಮಾಡುವುದು ಹೀಗೆ. ಸೆಕೆಂಡಿಗೆ 1000 ಸಲ ಕಂಪಿಸುವ ಒಂದೇ ಸಮನಾದ ‘ಕೂ’ ಎಂಬ ಸ್ವರವನ್ನು ಸಾಲಿಗೆ ಬಿಟ್ಟು, ಪ್ರತಿ ಪ್ಯಾಕಿನ ಬಳಿ ಮೀಟರ್ ಹಿಡಿದು ನೋಡುತ್ತೇನೆ. ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಬರಬೇಕು. ಬರದಿದ್ದ ಕಡೆ ಕೇಬಲ್ಲಿನ ಬೆಸುಗೆಯೋ ಕಡ್ಡಿಯ ತುಕ್ಕೋ ಇದೆ ಎಂದು ಅರ್ಥ.

ಇನ್ನೊಂದು ಅಳತೆ ಮೀಟರಿಗೆ ಸಿಗುವುದಿಲ್ಲ. ಮನೆಯಲ್ಲಿ ಹಳೆಯ ಲ್ಯಾಂಡ್‌ಲೈನ್ ಫೋನ್ ಇನ್ನೂ ಬದುಕಿದ್ದರೆ ಎತ್ತಿ ಮೆಲ್ಲಗೆ ಊದಿ. ಊದಿದ್ದು ನಿಮ್ಮ ಕಿವಿಗೇ ಕೇಳಿಸುತ್ತದೆ. ನಿಮ್ಮ ಮಾತು ನಿಮಗೇ ಹೀಗೆ ಚೂರು ಮರಳುವುದಕ್ಕೆ ಸೈಡ್‌ಟೋನ್ ಎನ್ನುತ್ತಾರೆ. ಅದು ಪೂರ್ತಿ ಇಲ್ಲದಿದ್ದರೆ ಫೋನ್ ಸತ್ತಿದೆಯೇನೋ ಎನಿಸಿ ನಾವು ಗಂಟಲು ಏರಿಸುತ್ತೇವೆ. ಅತಿಯಾದರೆ ನಮಗೇ ಮುಜುಗರವಾಗಿ ದನಿ ತಗ್ಗಿಸುತ್ತೇವೆ. ಇಂಟರ್‌ಕಾಂನಲ್ಲಿ ಇದನ್ನು ಹೊಂದಿಸಲು ಪ್ಯಾಕಿನಲ್ಲಿ ಒಂದು ಪುಟ್ಟ ಸ್ಕ್ರೂ ಇದೆ. ಮಾತಾಡುತ್ತ ಅದನ್ನು ತಿರುಗಿಸುತ್ತ ಹೋದರೆ ಒಂದು ಕಡೆ ನಮ್ಮ ದನಿ ಹೆಚ್ಚೂಕಡಿಮೆ ಮಾಯವಾಗುತ್ತದೆ. ಅಲ್ಲಿಂದ ಒಂದು ಕೂದಲಷ್ಟು ಹಿಂದೆ ಬರಬೇಕು. ಕತ್ತಲಲ್ಲಿ ಪ್ರೇಕ್ಷಕರಿಂದ ನಾಲ್ಕು ಅಡಿ ದೂರದಲ್ಲಿ ಕುಳಿತವರು ಪಿಸುಮಾತಿನಲ್ಲೇ ಉಳಿಯುವರೋ ಕೂಗುವರೋ ಎಂಬುದನ್ನು ಆ ಸ್ಕ್ರೂ ನಿರ್ಧರಿಸುತ್ತದೆ.

ನಂಬಿಕೆ ಬಾರದಿದ್ದರೆ ಒಂದು ಪ್ರಯೋಗ ಮಾಡಿ. ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ, ಹಾಡು ಹಚ್ಚಿ, ಕೈಗೆ ಈ ಪತ್ರಿಕೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ಹಾಡಿನ ದನಿ ಸ್ವಲ್ಪ ಏರಿಸಿದಂತೆ ಅಪ್ಪನ ದನಿಯೂ ತಾನಾಗಿಯೇ ಏರುತ್ತದೆ. ಅವರಿಗೆ ಅದರ ಅರಿವೇ ಇರುವುದಿಲ್ಲ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ಇದನ್ನು 1911ರಲ್ಲಿ ವಿವರಿಸಿದರು. ಇಂದಿಗೂ ಅದಕ್ಕೆ ಅವರದೇ ಹೆಸರು. (ಹಾಡನ್ನು ಅತಿ ಜೋರು ಮಾಡಬೇಡಿ. ಅಪ್ಪನ ಕಿವಿ ಮುಂದೆಯೂ ಬೇಕು, ನಿಮ್ಮ ಅಂಕಪಟ್ಟಿಯ ವಿವರಣೆ ಕೇಳಲಿಕ್ಕೆ.)

ಗುಂಯ್‌ಗುಡುವಿಕೆಯ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ರಂಗದ ದೀಪಗಳನ್ನು ಪೂರ್ತಿ ಹಚ್ಚಿದಾಗಲೂ ಪೂರ್ತಿ ಆರಿಸಿದಾಗಲೂ ಸಾಲು ಶಾಂತವಾಗಿರಬಹುದು. ಅರ್ಧ ಬೆಳಕಿಗೆ ತಂದರೆ ಡಿಮ್ಮರುಗಳು ವಿದ್ಯುತ್ತನ್ನು ಕತ್ತರಿಸುವ ಸದ್ದು ಜೀರುಂಡೆಯಂತೆ ಒಳಗೆ ನುಗ್ಗುತ್ತದೆ. ಆದ್ದರಿಂದ ದೀಪಗಳನ್ನು ಅರ್ಧಕ್ಕೆ ನಿಲ್ಲಿಸಿಯೇ ಕೇಳಿ ನೋಡಬೇಕು. ಇನ್ನು, ಮಾತಾಡಿ ಮುಗಿಸಿದವರು ಮಾತಿನ ಗುಂಡಿ ಆರಿಸಲೇಬೇಕು. ಹತ್ತು ಮಂದಿಯ ಮೈಕು ತೆರೆದೇ ಇದ್ದರೆ ಹತ್ತು ಕಡೆಯ ಉಸಿರು, ಫ್ಯಾನು, ಸೀರೆಯ ಸರಬರ ಒಟ್ಟುಗೂಡಿ ಒಂದೇ ಮೈಕಿಗಿಂತ ಗದ್ದಲ 10 ಡೆಸಿಬೆಲ್ ಏರುತ್ತದೆ.

ಯಂತ್ರದ ಕೆಲಸ ಇಷ್ಟಕ್ಕೆ ಮುಗಿಯುತ್ತದೆ. ನಿಜವಾದ ತಲೆನೋವು ಭಾಷೆಯದು.

ಇಂಗ್ಲಿಷ್ ನಾಟಕದವರು ಪ್ರತಿ ಬದಲಾವಣೆಗೂ ಒಂದು ಸಂಖ್ಯೆ ಕೊಟ್ಟು, ಸಂಖ್ಯೆ ಹೇಳಿ ‘ಗೋ’ ಎನ್ನುತ್ತಾರೆ. ನಾವೂ ಹಾಗೆಯೇ ಮಾಡೋಣ ಎಂದು ಹೊರಟರೆ ಕನ್ನಡದ ಸಂಖ್ಯೆಗಳು ಸುಮ್ಮನಿರುವುದಿಲ್ಲ. ‘ಆರು’ ಎಂದರೆ 6, ದೀಪ ಆರುವುದೂ ಅದೇ. ‘ಏಳು’ ಎಂದರೆ 7, ಪರದೆಯ ಪಕ್ಕ ಕುಳಿತವನಿಗೆ ಅದು ಮೇಲೇಳುವ ಆಜ್ಞೆ. ‘ಹತ್ತು’ ಎಂದರೆ 10. ಏಣಿಯ ಬುಡದಲ್ಲಿ ನಿಂತ ಹುಡುಗನಿಗೆ ಹಾಗಂದು ನೋಡಿ! ‘ಗೋ’ ಮಾತ್ರ ನಮಗೆ ಬಹಳ ಅನುಕೂಲ. ನಾಟಕದಲ್ಲಿ ಯಾರಾದರೂ ಗೋವಿನ ಬಗ್ಗೆ ಮಾತಾಡದಿದ್ದರೆ ಸಾಕು.

ಅದಕ್ಕಿಂತ ಅಪಾಯದ್ದು ಹಗ್ಗದವರ ಮಾತು. ಹಿಡಿ, ಬಿಡಿ, ತಡಿ, ನಡಿ. ನಾಲ್ಕೂ ಒಂದೇ ಪ್ರಾಸ. ಅರ್ಥ ಮಾತ್ರ ತದ್ವಿರುದ್ಧ. ಮಾತಿನ ಬಲವೆಲ್ಲ ಸ್ವರಗಳಲ್ಲಿರುತ್ತದೆ. ಅರ್ಥವನ್ನು ಬೇರೆ ಮಾಡಿ ತೋರಿಸುವ ವ್ಯಂಜನಗಳು ಕ್ಷಣಿಕ, ಬಡಕಲು. ಸಾಲಿನಲ್ಲಿ ಧ್ವನಿ ಕುಗ್ಗಿದರೆ ಮೊದಲು ಕೈಕೊಡುವುದು ಅವೇ. ‘ಇಡಿ’ ಎಂಬಷ್ಟು ಕೇಳಿಸುತ್ತದೆ, ಮುಂದಿನ ಅಕ್ಷರವನ್ನು ಕೇಳುವವರ ಮನಸ್ಸು ತಾನೇ ತುಂಬಿಕೊಳ್ಳುತ್ತದೆ.

ಇದನ್ನು ನಾನು ಒಂದು ಪಟ್ಟಣದ ಸಭಾಂಗಣದಲ್ಲಿ ಕಣ್ಣಾರೆ ಕಂಡೆ. ಮಕ್ಕಳ ನಾಟಕ. ಕೊನೆಯ ದೃಶ್ಯದಲ್ಲಿ ಪ್ಲೈವುಡ್ಡಿನ ದೊಡ್ಡ ಚಂದ್ರ ಮೇಲಿನಿಂದ ಇಳಿಯುತ್ತಾನೆ. ಅವನ ಕೆಳಗೆ ಏಳೆಂಟು ಮಕ್ಕಳು ಕೈ ಹಿಡಿದು ಸುತ್ತು ಹಾಕುತ್ತಾರೆ. ಹಗ್ಗ ಹಿಡಿದವರು ಅರವತ್ತು ದಾಟಿದ ಹಿರಿಯರು. ಹುಡುಗನಾಗಿದ್ದಾಗ ಕಂಪನಿ ನಾಟಕದ ಪರದೆ ಎಳೆದ ಕೈಗಳು. ಅವರು ಗಂಟು ಹಾಕುವುದನ್ನು ನೋಡಲು ಮಕ್ಕಳು ಸಾಲುಗಟ್ಟುತ್ತಿದ್ದರು.

ತಾಲೀಮಿನ ದಿನ ಎಲ್ಲರದ್ದೂ ಒಂದೇ ದೂರು: ಏನೂ ಸರಿಯಾಗಿ ಕೇಳಿಸುತ್ತಿಲ್ಲ. ಎಲ್ಲರೂ ತಿರುಗಣೆಯನ್ನು ಕೊನೆಯವರೆಗೆ ಏರಿಸಿಕೊಂಡಿದ್ದರು. ಸ್ವರ ಬಿಟ್ಟು ಅಳೆದರೆ ಎಲ್ಲ ಕಡೆಯೂ ಸಮನಾಗಿ 6 ಡೆಸಿಬೆಲ್ ಕಡಿಮೆ. ಸಮನಾಗಿ ಅರ್ಧವಾಗಿದೆ ಎಂದರೆ ಕೇಬಲ್ಲಿನ ತಪ್ಪಲ್ಲ. ದೀಪದ ಕೋಣೆಯಲ್ಲಿ ಎರಡನೆಯ ಸ್ಟೇಷನ್ ಒಂದಿತ್ತು, ಅದರ ರೋಧಕದ ಸ್ವಿಚ್ಚೂ ಹಾಕಿತ್ತು. ಅದನ್ನು ಆರಿಸುವ ಮೊದಲು ಎಲ್ಲರಿಗೂ ಹೆಡ್‌ಸೆಟ್ ತೆಗೆದು ತಿರುಗಣೆಯನ್ನು ಸೊನ್ನೆಗೆ ತರಲು ಹೇಳಿದೆ. ಇಲ್ಲದಿದ್ದರೆ ಪೂರ್ತಿ ಏರಿಸಿಕೊಂಡ ಕಿವಿಗಳ ಮೇಲೆ ಎರಡರಷ್ಟು ವೋಲ್ಟೇಜು ಬಂದು ಬೀಳುತ್ತದೆ.

ಸ್ವಿಚ್ ಆರಿಸಿದ ಮೇಲೆ ಎಲ್ಲರೂ ‘ಈಗ ಚೆನ್ನಾಗಿದೆ’ ಎಂದರು. ಹಿರಿಯರೂ ಎಂದರು.

‘ಕೇಳಿಸ್ತಾ?’ ಎಂದು ಕೇಳುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ. ಅದಕ್ಕೆ ‘ಇಲ್ಲ’ ಎನ್ನುವವರು ಕಡಿಮೆ; ನಿಜವಾಗಿ ಕೇಳಿಸದಿದ್ದವರು ಉತ್ತರವನ್ನೇ ಕೊಡುವುದಿಲ್ಲ, ಅರೆಬರೆ ಕೇಳಿಸಿದವರು ಮರ್ಯಾದೆಗೆ ‘ಹೂಂ’ ಅನ್ನುತ್ತಾರೆ. ನಾನು ಒಂದೊಂದೇ ಮಾತು ಹೇಳುತ್ತೇನೆ, ಅವರು ಅದನ್ನೇ ತಿರುಗಿ ಹೇಳಬೇಕು. ದೀಪದವರು ಹೇಳಿದರು, ನಿರ್ವಾಹಕಿ ಹೇಳಿದರು. ಹಿರಿಯರ ಸರದಿ. ‘ತಡಿ’ ಅಂದೆ. ‘ನಡಿ’ ಎಂದರು. ‘ಹಿಡಿ’ ಅಂದೆ. ‘ಬಿಡಿ’ ಎಂದರು, ಬಹಳ ವಿಶ್ವಾಸದಿಂದ.

ನನ್ನ ಪ್ಯಾಕು ಅವರಿಗೆ ಕೊಟ್ಟು ಅವರದನ್ನು ನಾನು ಹಾಕಿಕೊಂಡೆ. ನನಗೆ ಎಲ್ಲವೂ ಸ್ಪಷ್ಟ. ಅವರಿಂದ ಮತ್ತೆ ಅವೇ ಉತ್ತರಗಳು. ಅಂದರೆ ಪ್ಯಾಕು ಸರಿ, ಕೇಬಲ್ಲು ಸರಿ. ಸಾಲಿನ ಕೊನೆಯ ಕೊಂಡಿ ಕಿವಿ, ನನ್ನ ಮೀಟರು ಅಲ್ಲಿಯವರೆಗೆ ಹೋಗುವುದಿಲ್ಲ.

ಅವರು ಹೆಡ್‌ಸೆಟ್ ಕೆಳಗಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ‘ಒಂದು ವರ್ಷದಿಂದ ಹೀಗೆ. ಹೇಳಿದರೆ ಹಗ್ಗ ಕೈಯಿಂದ ತಗೋತೀರಿ’ ಎಂದರು. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ತಾರಕದ ಸದ್ದುಗಳನ್ನು; ‘ಸ’, ‘ತ’ಗಳ ಮೊನಚು ಇರುವುದು ಅಲ್ಲೇ. ಎದುರಿಗೆ ಕುಳಿತಾಗ ತುಟಿ ನೋಡಿ ಅವರು ಸರಿದೂಗಿಸಿಕೊಳ್ಳುತ್ತಿದ್ದರು. ಇಂಟರ್‌ಕಾಂಗೆ ತುಟಿಯಿಲ್ಲ. ನಿಮ್ಮ ಮನೆಯ ಅಜ್ಜ ಎದುರಿಗೆ ಚೆನ್ನಾಗಿ ಮಾತಾಡಿ ಫೋನಿನಲ್ಲಿ ಮಾತ್ರ ಎಡವಟ್ಟು ಉತ್ತರ ಕೊಡುತ್ತಿದ್ದರೆ ಕಾರಣ ಇದೇ ಇರಬಹುದು. ನಗುವ ಮೊದಲು ಒಮ್ಮೆ ಯೋಚಿಸಿ.

ಇದನ್ನು ಮುಚ್ಚಿಡುವಂತಿರಲಿಲ್ಲ. ಕೆಳಗೆ ಮಕ್ಕಳಿದ್ದರು. ಅವರೂ ನಾನೂ ಒಟ್ಟಿಗೇ ಹೋಗಿ ನಿರ್ದೇಶಕರಿಗೆ ಹೇಳಿದೆವು. ನಿರ್ದೇಶಕರು ಹಗ್ಗವನ್ನು ಕಸಿದುಕೊಳ್ಳಲಿಲ್ಲ. ಆ ಗಂಟುಗಳನ್ನು ಅಷ್ಟು ಚೆನ್ನಾಗಿ ಬಲ್ಲವರು ಬೇರೆ ಇರಲಿಲ್ಲ ಎಂಬುದೂ ಒಂದು ಕಾರಣ. ಬದಲಿಗೆ ಮಾತುಗಳನ್ನು ಬದಲಿಸಿದರು. ಪ್ರಾಸದ ನಾಲ್ಕೂ ಮಾತು ರದ್ದು. ‘ಇಳಿಸಿ’, ‘ನಿಲ್ಲಲಿ’, ‘ಮೇಲಕ್ಕೆ’, ಉದ್ದ ಬೇರೆ, ಸ್ವರ ಬೇರೆ. ಜೊತೆಗೆ ಪ್ಯಾಕಿನ ದೀಪ: ಹೊತ್ತಿದರೆ ಸಿದ್ಧರಾಗಿ, ಆರಿದರೆ ಮಾತ್ರ ಇಳಿಸಿ. ಹೇಳಿದ್ದನ್ನು ಅವರು ತಿರುಗಿ ಹೇಳಬೇಕು, ನಿರ್ವಾಹಕಿ ‘ಸರಿ’ ಎನ್ನಬೇಕು. ಅಲ್ಲಿಯವರೆಗೆ ಹಗ್ಗ ಅಲುಗಬಾರದು. ಪಕ್ಕದಲ್ಲಿ ಇನ್ನೊಂದು ಹೆಡ್‌ಸೆಟ್ ಹಾಕಿದ ಯುವಕ. ಮೂರು ಪ್ರದರ್ಶನಗಳಲ್ಲಿ ಚಂದ್ರ ಮೂರು ಸಲವೂ ತನ್ನ ಹೊತ್ತಿಗೆ ಇಳಿದು ಮಕ್ಕಳ ತಲೆಯಿಂದ ಎರಡು ಮಾರು ಮೇಲೆ ನಿಂತ.

ಅವರ ತಿರುಗಣೆಯನ್ನು ಇನ್ನಷ್ಟು ಏರಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಂದಿಷ್ಟು ಏರಿಸಿದೆವು. ಆದರೆ ಹೋದ ವ್ಯಂಜನ ಅದರಿಂದ ಮರಳುವುದಿಲ್ಲ, ಉಳಿದ ಸ್ವರಗಳು ಮಾತ್ರ ಕಿವಿಗೆ ಬಡಿಯುತ್ತವೆ, ಉಳಿದಿರುವ ಕೇಳ್ಮೆಗೂ ಪೆಟ್ಟು. ಹೆಡ್‌ಫೋನ್ ಕೇಳುವ ಮಕ್ಕಳಿಗೂ ಇದೇ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ಮಕ್ಕಳಿಗೆ ಅದೇ 40 ಗಂಟೆ 75 ಡೆಸಿಬೆಲ್‌ನಲ್ಲಿ. 3 ಡೆಸಿಬೆಲ್ ಏರಿಸಿದಾಗಲೆಲ್ಲ ಗಂಟೆಗಳು ಅರ್ಧವಾಗುತ್ತವೆ.

ನಾಟಕ ಮುಗಿದ ಮೇಲೆ ಹಿರಿಯರ ಮಗಳು ಅವರನ್ನು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಳು. 1960ರ ದಶಕದಿಂದಲೂ ಮಾನಸಗಂಗೋತ್ರಿಯ ಬಳಿ ಇರುವ ಈ ಸಂಸ್ಥೆಗೆ ದೇಶದ ಮೂಲೆಮೂಲೆಗಳಿಂದ ಜನ ಬರುತ್ತಾರೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಒಂದೊಂದೇ ಸ್ವರ ಬಿಟ್ಟು, ಕೇಳಿಸಿದಾಗ ಗುಂಡಿ ಒತ್ತಲು ಹೇಳಿದರಂತೆ. ಮೊದಲು ಮಾತಾಡಿದ ದಿನ ಫೋನಿನಲ್ಲಿ ಹೇಳಿದರು: ‘ನೀವು ಮಾಡುವ ಕೆಲಸವನ್ನೇ ಅವರೂ ಮಾಡ್ತಾರೆ ಸ್ವಾಮಿ. ಆದರೆ ಅವರ ಕೋಣೆಯಲ್ಲಿ ಡಿಮ್ಮರಿನ ಗುಂಯ್ ಇಲ್ಲ.’

ಈಗ ಅವರ ಕಿವಿಯ ಹಿಂದೆ ಶ್ರವಣ ಸಾಧನವಿದೆ. ಅದರ ಮೇಲೆ ಹೆಡ್‌ಸೆಟ್ ಒತ್ತಿ ಹಾಕಿದರೆ ಸಾಧನದ ಸದ್ದು ಅದರದೇ ಮೈಕಿಗೆ ತಿರುಗಿ ಬಂದು ಸಿಳ್ಳೆ ಹೊಡೆಯುತ್ತದೆ. ಈ ಬೇಸಿಗೆಯ ತಾಲೀಮಿನಲ್ಲಿ ಅರ್ಧ ಗಂಟೆ ಅದನ್ನೇ ಪರೀಕ್ಷಿಸಿದೆವು. ಕಿವಿಯ ಬಟ್ಟಲನ್ನು ಒಂದು ಬೆರಳು ಹಿಂದಕ್ಕೆ ಮೇಲಕ್ಕೆ ಸರಿಸಿ, ನಡುವೆ ಸ್ಪಂಜಿನ ತುಂಡಿಟ್ಟಾಗ ಸಿಳ್ಳೆ ನಿಂತಿತು. ‘ತಡಿ’ ಅಂದೆ. ‘ತಡಿ’ ಎಂದರು. ಆದರೂ ಆ ಮಾತನ್ನು ನಾವು ಬಳಸುತ್ತಿಲ್ಲ. ಅವರ ಪ್ಯಾಕಿನ ತಿರುಗಣೆಯ ಪಕ್ಕ ಎರಡು ಗುರುತು ಹಾಕಿದ್ದೇವೆ, ಸಾಧನ ಹಾಕಿದ ದಿನಕ್ಕೆ ಬಿಳಿ, ಮನೆಯಲ್ಲಿ ಮರೆತು ಬಂದ ದಿನಕ್ಕೆ ಕೆಂಪು.